ಮಾರಿ ತೆಗೆಯುವ ಲೆನ್ಸು

ಕಳೆದ ರವಿವಾರ ಮೊಮ್ಮಗಳು ತನ್ನ ಕ್ಯಾಮೆರಾದ ಚೀಲವನ್ನು ನನ್ನ ಮಂಚದ ಮೇಲೆ ಬರಿದು ಮಾಡಿಕೊಂಡು ಕುಳಿತಿದ್ದಳು. ಗದಗಿನ ಬ್ಯಾಂಕೊಂದರಲ್ಲಿ ಅವಳಿಗೆ ಕೆಲಸ. ಫೋಟೋ ತೆಗೆಯುವುದು ರವಿವಾರದ ಹುಚ್ಚು. ಲೆನ್ಸುಗಳನ್ನು ಸಾಲಾಗಿ ಇಟ್ಟುಕೊಂಡು, ಯಾವುದನ್ನು ಉಳಿಸಿಕೊಳ್ಳಲಿ, ಯಾವುದನ್ನು ಮಾರಲಿ, ಹೊಸದೊಂದು ಬಂದಿದೆಯಂತೆ ಅದನ್ನೂ ತರಿಸಲೇ ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಮಳೆಗಾಲದಲ್ಲಿ ಬೂಸು ಹಿಡಿಯಬಾರದೆಂದು ಒಂದು ತೊಗಲಿನ ಚೀಲದಲ್ಲಿ ಕರ್ಪೂರ ಹಾಕಿಟ್ಟಿದ್ದಳು. ಅದರ ಬಾಯಿ ಬಿಚ್ಚಿದಾಗ ತೊಗಲು ಮತ್ತು ಕರ್ಪೂರ ಕೂಡಿದ ಒಂದು ವಾಸನೆ ಬಂತು... ನಾನು ಓದುತ್ತಿದ್ದ ಪೇಪರನ್ನು ಕೆಳಗಿಟ್ಟೆ.

ಅದು ಬೆಟಗೇರಿಯ ನನ್ನ ತವರುಮನೆಯ ಪಕ್ಕದಲ್ಲಿದ್ದ ಚಿತ್ರದ ಮಾಸ್ತರರ ಪೆಟ್ಟಿಗೆಯ ವಾಸನೆ.

ಮಾಸ್ತರರು ಗದಗಿನ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ಹೊಟ್ಟೆಪಾಡು ಅದು, ಜೀವ ಇದ್ದದ್ದು ಮಾತ್ರ ಕಟ್ಟಿಗೆಯ ಒಂದು ಕ್ಯಾಮೆರಾದಲ್ಲಿ. ಮೂರು ಕಾಲಿನ ಸ್ಟ್ಯಾಂಡು, ತಲೆಯ ಮೇಲೆ ಹೊದ್ದುಕೊಳ್ಳುವ ಕರಿ ಬಟ್ಟೆ, ಗಾಜಿನ ಪ್ಲೇಟುಗಳು, ಹಸಿರು ಮಖಮಲ್ಲಿನ ಒಳಗುಳ್ಳ ತೊಗಲಿನ ಪೆಟ್ಟಿಗೆಯಲ್ಲಿ ಮೂರು ಹಿತ್ತಾಳೆಯ ಲೆನ್ಸು. ಒಂದು ಕ್ಯಾಮೆರಾದ ಜೊತೆಗೇ ಬಂದದ್ದು. ಇನ್ನೊಂದು ಇಡೀ ಓಣಿಯನ್ನು ಒಂದೇ ಚಿತ್ರದಲ್ಲಿ ಹಿಡಿಸುವಂಥದು. ಮೂರನೆಯದು ಉದ್ದನೆಯದು, ಒಬ್ಬರ ಮುಖವನ್ನಷ್ಟೇ ತೆಗೆಯಲಿಕ್ಕೆ. ಮಾಸ್ತರರು ಅದನ್ನು 'ಮಾರಿ ತೆಗೆಯುವ ಲೆನ್ಸು' ಎನ್ನುತ್ತಿದ್ದರು. ಮೂರೂ ಇದ್ದರೂ ಅವರಿಗೆ ಸಮಾಧಾನವಿರಲಿಲ್ಲ. ನಾಲ್ಕನೆಯದು ಬೇಕೋ ಬೇಡವೋ ಎಂಬ ಪಂಚಾಯಿತಿ ಸಂಜೆ ನಮ್ಮ ಕಟ್ಟೆಯ ಮೇಲೆ ನಡೆಯುತ್ತಿತ್ತು.

"ದೇವ್ರು ನಮಗೆಲ್ಲಾ ಎರಡ ಕಣ್ಣು ಕೊಟ್ಟಾನ್ರಿ, ನಿಮಗ ಮೂರೂ ಸಾಲವಲ್ವು," ಎಂದು ಅಪ್ಪ ಮಗ್ಗದ ಗುಂಡಿಯಿಂದಲೇ ಕೆಣಕುತ್ತಿದ್ದ.

"ಮದುವಿ ಸೀರಿ ಉಟ್ಕೊಂಡು ಯಾರರ ಸೆಗಣಿ ಬಳೀತಾರೇನ್ರಿ? ಒಂದೊಂದು ಕೆಲಸಕ್ಕ ಒಂದೊಂದು," ಎನ್ನುತ್ತಿದ್ದರು ಮಾಸ್ತರರು.

"ನನಗಂತೂ ಸೆಗಣಿ ಬಳಿಯಾಕ, ಮದುವಿಗೆ ಹೋಗಾಕ ಎಲ್ಲಾದಕ್ಕೂ ಅದ ಸೀರಿ. ಈ ಮೂರು ಮಂದಿ ಸವತ್ಯಾರಿಗೆ ನೋಡ್ರಿ ಮಖಮಲ್ಲು!" ಇದು ಅವರ ಹೆಂಡತಿಯ ಮಾತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಓಣಿಯ ಮಂದಿ ನಗುತ್ತಿದ್ದರು. ಮಾಸ್ತರರೂ ನಗುತ್ತಿದ್ದರು. ಆ ಮನುಷ್ಯ ಆಗ ಬಹಳ ನಗುತ್ತಿದ್ದರು.

ಸ್ವಾತಂತ್ರ್ಯ ಬರುವುದಕ್ಕೆ ಹಿಂದಿನ ಬೇಸಿಗೆಯಲ್ಲಿ ನನ್ನ ಲಗ್ನವಾಯಿತು. ಗಂಡಿನವರು ಶಿರಹಟ್ಟಿಯವರು. ಮಾಸ್ತರರು ಪೆಟ್ಟಿಗೆಯ ಸಮೇತ ಹಾಜರಾಗಿದ್ದರು. ಅಕ್ಕಿಕಾಳು ಬಿದ್ದ ಮೇಲೆ ಅವರು ಕ್ಯಾಮೆರಾಕ್ಕೆ ಉದ್ದನೆಯ ಲೆನ್ಸು ಸಿಕ್ಕಿಸಿ ನನ್ನ ತಮ್ಮನನ್ನು ಕರೆದರು. ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ಮೀಸೆ ಆಗಷ್ಟೇ ಚಿಗುರಿತ್ತು. ಮದುಮಗನಿಗಿಂತ ಇವನೇ ಚೆನ್ನಾಗಿ ಕಾಣುತ್ತಾನೆ ಎಂದು ಗಂಡಿನ ಕಡೆಯ ಹೆಂಗಸರೇ ಆಡಿಕೊಂಡಿದ್ದರು.

"ಬಾರೋ ಇಲ್ಲೆ, ನಿನ್ನ ಮಾರಿ ಒಂದು ತಗೀತೀನಿ."

ಅವ್ವ ಎಲ್ಲಿದ್ದಳೋ, ಓಡಿ ಬಂದಳು. "ಬ್ಯಾಡ್ರಿ ಮಾಸ್ತರ, ನಿಮ್ಮ ಕಾಲಿಗೆ ಬೀಳ್ತೀನಿ. ಇರಾಂವ ಒಬ್ಬ ಗಂಡಹುಡುಗ. ಒಬ್ಬನ್ನ ನಿಲ್ಲಿಸಿ ಫೋಟೋ ತಗದ್ರ ಆಯುಷ್ಯ ಕಡಿಮಿ ಆಕ್ಕೈತಿ. ಎಲ್ಲಾರ ಜತಿ ತಗೀರಿ, ಯಾರೂ ಬ್ಯಾಡ ಅನ್ನೂದಿಲ್ಲ."

ಅವ್ವ ಒಬ್ಬಳೇ ಹಾಗೆ ನಂಬಿದ್ದಳೆಂದಲ್ಲ. ಆಗ ನಮ್ಮ ಕಡೆ ಒಬ್ಬರದೇ ಫೋಟೋ ಗೋಡೆಯ ಮೇಲೆ ಇತ್ತೆಂದರೆ ಅವರು ತೀರಿಕೊಂಡಿದ್ದಾರೆ ಎಂದೇ ಅರ್ಥ. ಮಾಸ್ತರರು ವಾದಕ್ಕೆ ನಿಲ್ಲಲಿಲ್ಲ. ಮಂಗಳ ಕಾರ್ಯದಲ್ಲಿ ಹೆಣ್ಣುಮಗಳ ಕಣ್ಣಲ್ಲಿ ನೀರು ತರಿಸುವುದೇಕೆಂದು ಉದ್ದನೆಯ ಲೆನ್ಸನ್ನು ಪೆಟ್ಟಿಗೆಗೆ ಹಾಕಿ, ಓಣಿ ಹಿಡಿಸುವ ಲೆನ್ಸನ್ನು ಸಿಕ್ಕಿಸಿದರು. ಹಂದರ, ಮನೆ, ಬೀಗರು, ಬಂಡಿ, ಎತ್ತು, ಎಲ್ಲ ಅದರಲ್ಲಿ ಹಿಡಿಸಿದವು. ಒಬ್ಬರು ಬಿಟ್ಟುಹೋದರೂ ಆ ಸಿಟ್ಟು ಮೂರು ತಲೆಮಾರು ನಡೆಯುತ್ತಿದ್ದ ಕಾಲ ಅದು. ತಮ್ಮ ತುದಿಗೆ ನಿಂತಿದ್ದ. ಲೆನ್ಸಿನ ಮುಚ್ಚಳ ತೆಗೆದು ಮತ್ತೆ ಹಾಕುವವರೆಗೆ ಯಾರೂ ಅಲುಗುವಂತಿರಲಿಲ್ಲ. ಮಾಸ್ತರರು ಅದನ್ನು ತೆಗೆದದ್ದೇ ತಡ, ಅಡಿಗೆಯ ಮುದುಕ ಒಲೆಯ ಹತ್ತಿರವೇ ಉಳಿದದ್ದು ಅವನ ಕಣ್ಣಿಗೆ ಬಿತ್ತು. "ಮುತ್ಯಾ, ನೀನೂ ಬಾರೋ" ಎಂದು ಹೊರಳಿದ. ಮುಚ್ಚಳ ಮತ್ತೆ ಬಿತ್ತು.

ಆ ಚಿತ್ರದಲ್ಲಿ ಎಲ್ಲರೂ ಇದ್ದೇವೆ. ಎತ್ತಿನ ಕೊರಳ ಗೆಜ್ಜೆ ಕೂಡ ಕಾಣುತ್ತದೆ. ತಮ್ಮನ ಮುಖವಿರಬೇಕಾದ ಜಾಗದಲ್ಲಿ ಎಳ್ಳುಕಾಳಿನಷ್ಟು ಬಿಳಿಯ ಮಸುಕು...

ನಮಗೆ ಸ್ವಾತಂತ್ರ್ಯ ಬಂತು. ಮುಂಡರಗಿಯಿಂದ ಮೂಡಲಕ್ಕೆ ಕೆಲವೇ ಹರದಾರಿ ಆಚೆಗಿದ್ದ ನಿಜಾಮನ ಸೀಮೆಗೆ ಬರಲಿಲ್ಲ. ಅಲ್ಲಿಂದ ಜನ ಗಂಟುಮೂಟೆ ಹೊತ್ತು ಈ ಕಡೆ ಬರತೊಡಗಿದರು. ಮುಂಡರಗಿಯಲ್ಲಿ ಹೋರಾಟಗಾರರ ಶಿಬಿರ ನಿಂತಿತು. ಅಪ್ಪನಿಗೂ ಹೇಳದೆ ತಮ್ಮ ಹೋಗಿ ಅದನ್ನು ಸೇರಿದ. ಆ ಚಳಿಗಾಲ ನಾನು ಚೊಚ್ಚಲ ಬಾಣಂತನಕ್ಕೆಂದು ಬೆಟಗೇರಿಗೆ ಬಂದಾಗ ಒಮ್ಮೆ ಬಂದು ಹೋಗಿದ್ದ. ತಲೆಯ ಮೇಲೆ ಗಾಂಧಿ ಟೋಪಿ, ಕಾಲಲ್ಲಿ ಹರಿದ ಚಪ್ಪಲಿ. "ಅಕ್ಕಾ, ಅಳಿಯ ಹುಟ್ಟಿದ ಕೂಡ್ಲೆ ಖಬರ ಕಳಸು" ಎಂದು ಹೇಳಿ ಹೋದವನು ಮತ್ತೆ ಬರಲಿಲ್ಲ.

ಖಬರು ನಮಗೇ ಬಂತು. ಶಿಬಿರದ ಒಬ್ಬ ಹುಡುಗ ಬಂದು ಅಪ್ಪನ ಮುಂದೆ ನಿಂತ.

"ಗಡಿ ದಾಟಿ ಹೋದವ್ರೊಳಗ ಅಂವ ಒಬ್ಬ ತಿರುಗಿ ಬಂದಿಲ್ರಿ. ಹಿಡದಾರಂತ ಅಂತಾರ. ಯಾವ ಜೇಲಿನ್ಯಾಗ ಇಟ್ಟಾರೋ ಗೊತ್ತಿಲ್ಲ. ಅಲ್ಲೆ ಸಿಕ್ಕವ್ರು ಯಾರೂ ಖರೆ ಹೆಸರು ಹೇಳೂದಿಲ್ರಿ. ಹೆಸರಿನ ಮ್ಯಾಲೆ ಹುಡುಕಾಕ ಆಗೂದಿಲ್ಲ. ಒಂದು ಫೋಟೋ ಇದ್ರ ಕೊಡ್ರಿ, ಆ ಕಡೆ ಹೋಗಿ ಬರೂ ಮಂದಿ ಕಡಿಂದ ತೋರಿಸಿ ಕೇಳ್ತೀವಿ."

ಫೋಟೋ! ನಮ್ಮಲ್ಲಿ ಇದ್ದದ್ದು ಮದುವೆಯ ಆ ಒಂದು ಚಿತ್ರ.

ಅಂದಿನಿಂದ ಮಾಸ್ತರರು ಶಾಲೆಯನ್ನು ಮರೆತೇಬಿಟ್ಟರೆಂದರೂ ಸರಿ. ಮದುವೆಯ ಗಾಜಿನ ಪ್ಲೇಟು ತೆಗೆದು, ಕತ್ತಲ ಕೋಣೆ ಮಾಡಿಕೊಂಡು, ಆ ಮಸುಕನ್ನು ದೊಡ್ಡದು ಮಾಡಲು ಕುಳಿತರು. ಮೊದಲು ಕಡಲೆಯಷ್ಟಾಯಿತು, ಆಮೇಲೆ ಅಡಿಕೆಯಷ್ಟಾಯಿತು. ಮಸುಕು ದೊಡ್ಡದಾಯಿತೇ ಹೊರತು ಮುಖವಾಗಲಿಲ್ಲ. 'ನನ್ನ ಲೆನ್ಸಿನ್ಯಾಗ ಐಬೈತಿ' ಎಂದು ಹುಬ್ಬಳ್ಳಿಗೆ ಹೋಗಿ, ಸ್ಟುಡಿಯೋದವರ ಕೈಕಾಲು ಹಿಡಿದು ನಾಲ್ಕನೆಯ ಲೆನ್ಸು ಎರವಲು ತಂದರು. ಯಾವುದಕ್ಕಾಗಿ ಅಷ್ಟು ವರ್ಷ ಹಂಬಲಿಸಿದ್ದರೋ ಅಂಥದೇ ಲೆನ್ಸು. ಅದರಲ್ಲಿ ಮಸುಕಿನ ಅಂಚು ಇನ್ನಷ್ಟು ಚೆನ್ನಾಗಿ ಕಂಡಿತು, ಅಷ್ಟೇ. ಮುಂಬಯಿಗೆ ಬರೆದು ಇನ್ನೂ ದೊಡ್ಡದು ತರಿಸಿದರೆ ಹೇಗೆ ಎಂದು ಅಪ್ಪ ಕೇಳಿದ. ಮೂರು ಲೆನ್ಸಿಗೆ ನಗುತ್ತಿದ್ದ ಅದೇ ಅಪ್ಪ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

ಒಂದು ಮಧ್ಯಾಹ್ನ ಮಾಸ್ತರರು ಒದ್ದೆ ಕೈ ಒರೆಸಿಕೊಳ್ಳುತ್ತ ನಮ್ಮ ಪಡಸಾಲೆಗೆ ಬಂದು ನೆಲದ ಮೇಲೆ ಕುಳಿತರು. "ಅಕ್ಕಾ, ಪ್ಲೇಟಿನ್ಯಾಗ ಇಲ್ಲದ್ದನ್ನ ಯಾವ ಲೆನ್ಸೂ ತಗಿಯೂದಿಲ್ಲ" ಎಂದು ಅವ್ವನಿಗೆ ಹೇಳಿದರು.

"ಇಲ್ರಿ, ನಿಮ್ಮ ಕಡೆ ಇನ್ನೊಂದು ಇರ್ಬೇಕು," ಎಂದಳು ಅವ್ವ. "ಪೆಟಿಗಿ ತಗೀರಿ. ತಳದಾಗ ನೋಡ್ರಿ. ಇದ್ದ ಇರ್ತೈತಿ."

ಅವಳ ಸಮಾಧಾನಕ್ಕೆ ಮಾಸ್ತರರು ಪೆಟ್ಟಿಗೆ ತಂದು ಅವಳ ಮುಂದೆ ತೆರೆದಿಟ್ಟರು. ಅವ್ವ ಮಖಮಲ್ಲನ್ನು ಎತ್ತಿ, ತಳವನ್ನೆಲ್ಲ ಕೈಯಾಡಿಸಿ ನೋಡಿದಳು. ಒಂದು ಕರ್ಪೂರದ ತುಂಡು ಸಿಕ್ಕಿತು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. ಬಹಳ ಹೊತ್ತು ನೋಡಿದಳು.

"ಇಕಿ ಅವನ ಪಡಿಯಚ್ಚು ಅದಾಳ. ಇಕಿ ಮಾರಿ ತಗೀರಿ ಮಾಸ್ತರ, ಮ್ಯಾಲೆ ಮೀಸಿ ಬರೀರಿ. ಚಿತ್ರ ತಗಿಯೂದು ಕಲಸ್ತೀರಲ್ಲ ನೀವು!"

ನಾನು ತುಂಬಿದ ಬಸುರಿ. ಬಸುರಿಯನ್ನು ಕ್ಯಾಮೆರಾದ ಮುಂದೆ ಕೂರಿಸಬಾರದು ಎಂಬುದು ಇನ್ನೊಂದು ನಂಬಿಕೆ. ಅವ್ವ ತಾನೇ ಮಣೆ ಹಾಕಿ ನನ್ನನ್ನು ಕೂರಿಸಿದಳು, ತಾನೇ ಹೆರಳು ಬಿಚ್ಚಿ ಹಿಂದಕ್ಕೆ ಕಟ್ಟಿದಳು. ಲಗ್ನದ ದಿನ ಪೆಟ್ಟಿಗೆಗೆ ಹೋದ ಉದ್ದನೆಯ ಲೆನ್ಸು ಅಂದು ಹೊರಬಂತು. "ಅಲುಗಬ್ಯಾಡ ಯವ್ವಾ" ಎಂದರು ಮಾಸ್ತರರು. ಕರಿ ಬಟ್ಟೆಯೊಳಗೆ ಅವರು ಬಿಕ್ಕುತ್ತಿದ್ದದ್ದು ನನಗೆ ಕೇಳಿಸಿತು. ಹೊಟ್ಟೆಯಲ್ಲಿ ಕೂಸು ಒದೆಯಿತು. ನಾನು ಅಲುಗಲಿಲ್ಲ.

ಅಚ್ಚು ಹಾಕಿದ ನನ್ನ ಮುಖದ ಮೇಲೆ ಅವರು ಸಣ್ಣ ಕುಂಚದಿಂದ ಮೀಸೆ ಬರೆದರು, ಮೂಗುಬೊಟ್ಟು ಅಳಿಸಿದರು, ಗದ್ದವನ್ನು ಸ್ವಲ್ಪ ಅಗಲ ಮಾಡಿದರು. ಆಮೇಲೆ ಹುಬ್ಬಿನ ಹತ್ತಿರ ಕುಂಚ ನಿಂತಿತು. ಚಿಕ್ಕಂದಿನಲ್ಲಿ ಮಗ್ಗದ ಲಾಳಿ ಸಿಡಿದು ತಮ್ಮನ ಹುಬ್ಬಿನ ಮೇಲೆ ಗಾಯವಾಗಿ ಕಲೆ ಉಳಿದಿತ್ತು.

"ಯಾವ ಹುಬ್ಬು?"

"ಬಲಕ್ಕ" ಎಂದಳು ಅವ್ವ. "ಎಡಕ್ಕ" ಎಂದ ಅಪ್ಪ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವ್ವ ಗಾಳಿಯಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಂತೆ ಕೈ ಮಾಡಿ, ಎಣ್ಣೆ ಹಚ್ಚುವಾಗ ಯಾವ ಕಡೆ ಬರುತ್ತಿತ್ತೆಂದು ನೋಡಿಕೊಂಡಳು. ಈಗ ಎಡ ಎಂದಳು. ಅಪ್ಪ ಅಷ್ಟರಲ್ಲಿ ಬಲ ಎಂದಿದ್ದ. ನನ್ನನ್ನು ಕೇಳಿದರು. ಕಣ್ಣು ಮುಚ್ಚಿದರೆ ಅವನು ನಗುತ್ತಿದ್ದದ್ದು ಬರುತ್ತಿತ್ತು, ಕಲೆ ಬರುತ್ತಿರಲಿಲ್ಲ. ಹೆತ್ತು ಹೊತ್ತು ಸಾಕಿದ ಮನೆಯೊಂದರಲ್ಲಿ ಒಬ್ಬರಿಗೂ ಅವನ ಮುಖ ಪೂರ್ತಿ ಗೊತ್ತಿರಲಿಲ್ಲ. ಅಂಥ ದಿನ ವೈರಿಗೂ ಬರಬಾರದು.

ಮಾಸ್ತರರು ಕೊನೆಗೆ ಗಾಂಧಿ ಟೋಪಿಯನ್ನು ಹುಬ್ಬಿನವರೆಗೂ ಎಳೆದು ಬರೆದುಬಿಟ್ಟರು. ಕಲೆ ಇರಬೇಕಾದ ಜಾಗ ಟೋಪಿಯ ಕೆಳಗೆ ಹೋಯಿತು.

ಆ ಚಿತ್ರದ ಪ್ರತಿಗಳು ಮುಂಡರಗಿಗೆ ಹೋದವು, ಅಲ್ಲಿಂದ ಗಡಿಯಾಚೆಗೂ ಹೋದವು. ನನಗೆ ಗಂಡುಕೂಸು ಹುಟ್ಟಿತು. ಖಬರು ಕಳಿಸಲಿಕ್ಕೆ ವಿಳಾಸವಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಸೈನ್ಯ ಹೈದರಾಬಾದಿಗೆ ನುಗ್ಗಿ, ನಿಜಾಮನ ಆಳಿಕೆ ಮುಗಿದು, ಜೈಲುಗಳ ಬಾಗಿಲು ತೆರೆದವು. ಅಪ್ಪ ಫೋಟೋವನ್ನು ಅಂಗಿಯೊಳಗೆ ಇಟ್ಟುಕೊಂಡು ಊರೂರು ತಿರುಗಿದ. ಅಪ್ಪ ತಿರುಗಿ ಬಂದ ದಿನ ನಾನು ಕೂಸನ್ನೆತ್ತಿಕೊಂಡು ಬಾಗಿಲಲ್ಲೇ ಇದ್ದೆ. ಮಾಸ್ತರರು ತಮ್ಮ ಕಟ್ಟೆಯಿಂದ ಎದ್ದು ಬಂದರು. ಅಪ್ಪ ಹೊಸ್ತಿಲ ಹೊರಗೇ ಕುಳಿತ.

"ಕೊಪ್ಪಳದಾಗ ಒಬ್ಬಾಂವ ಸಿಕ್ಕಿದ್ದ. ಜೇಲಿನಿಂದ ಬಿಟ್ಟು ಬಂದಾಂವ. ಫೋಟೋ ತೋರಿಸಿದೆ. 'ಇದು ಹೆಣ್ಣಮಗಳ ಮಾರಿ ಇದ್ದಂಗ ಐತಲ್ರಿ ಯಜಮಾನ್ರ' ಅಂದ. 'ನಮ್ಮ ಜತಿ ಒಬ್ಬ ಗದಗ ಕಡೆ ಹುಡುಗ ಇದ್ದ ಖರೆ. ಹುಬ್ಬಿನ ಮ್ಯಾಲೆ ಕಲಿ ಇತ್ತು. ಜ್ವರ ಬಂದು ಭಾಳ ಬಳಲಿದ್ದ. ಅವನ್ನ ಬ್ಯಾರೆ ಕಡೆ ಒಯ್ದ್ರು, ಎಲ್ಲೆ ಅಂತ ಗೊತ್ತಿಲ್ಲ. ಆದ್ರ ಆ ಹುಡುಗ ಇಂವ ಅಲ್ಲ ಬಿಡ್ರಿ' ಅಂದ. ಅಂವನ ನನ್ನ ಮಗ ಅಂತ ಎಷ್ಟು ಹೇಳಿದ್ರೂ ಫೋಟೋ ನೋಡಿ ಗೋಣು ಅಲ್ಲಾಡಿಸ್ತಿದ್ದ."

"ಯಾವ ಹುಬ್ಬಂತ? ಕೇಳಿದ್ರೇನು?" ಅವ್ವನ ದನಿ ಚೀರುದನಿಯಾಗಿತ್ತು.

"ಕೇಳಿದೆ. ಅವಗೂ ನೆನಪಿಲ್ಲ."

ಮಾಸ್ತರರು ಯಾರಿಗೆ ಎಂದಿಲ್ಲದೆ, "ಬೇಕಾಗಿದ್ದು ಒಂದ ಇತ್ತು. ಲಗ್ನದ ದಿನ ಅದನ್ನ ನಾನ ಪೆಟಿಗ್ಯಾಗ ಹಾಕಿದೆ" ಎಂದರು. ಎದ್ದು ಹೋದರು.

ಹುಬ್ಬಳ್ಳಿಯ ಲೆನ್ಸು ಹುಬ್ಬಳ್ಳಿಗೆ ಹೋಯಿತು. ಉಳಿದೆರಡನ್ನು ಶಾಲೆಗೆ ಕೊಟ್ಟುಬಿಟ್ಟರು. ಉದ್ದನೆಯದೊಂದನ್ನೇ ಇಟ್ಟುಕೊಂಡು ಓಣಿಯ ಮನೆಮನೆಗೆ ಹೋಗಿ, ತಾಯಂದಿರೊಡನೆ ಜಗಳ ಮಾಡಿ, ಒಬ್ಬೊಬ್ಬ ಹುಡುಗನನ್ನೂ ಹುಡುಗಿಯನ್ನೂ ಬೇರೆಬೇರೆ ಕೂರಿಸಿ ಮುಖ ತೆಗೆಯತೊಡಗಿದರು. ಮಾಸ್ತರಗೆ ತಲೆ ಕೆಟ್ಟಿದೆ ಎಂದರು ಜನ. ನಗು ಅವರ ಮುಖದಿಂದ ಹೋದದ್ದು ಹೋಗಿಯೇಬಿಟ್ಟಿತು. ಕನ್ನಡ ನಾಡು ಒಂದಾದ ದಿನ ನಾನು ಮಕ್ಕಳೊಂದಿಗೆ ತವರಿನಲ್ಲೇ ಇದ್ದೆ. ಗದಗಿನ ಬೀದಿಯಲ್ಲಿ ಸೇರಿದ ಮಂದಿ, "ಮಾಸ್ತರ, ಎಲ್ಲಾರೂ ಬರೂ ಹಂಗ ಒಂದು ತಗೀರಿ" ಎಂದು ದುಂಬಾಲು ಬಿದ್ದರು.

"ಎಲ್ಲಾರೂ ಬಂದ್ರ ಯಾರೂ ಬರೂದಿಲ್ಲ" ಎಂದರು ಅವರು. ಆ ಸಂಭ್ರಮದ ನಡುವೆ ಒಂದು ಮೂಲೆಯಲ್ಲಿ ಕ್ಯಾಮೆರಾ ಹೂಡಿ, ಬಂದವರ ಮುಖವನ್ನು ಒಂದೊಂದಾಗಿ ತೆಗೆಯುತ್ತ ನಿಂತಿದ್ದರು. ಪ್ಲೇಟು ಮುಗಿದ ಮೇಲೂ ಬಟ್ಟೆಯೊಳಗಿಂದ ತಲೆ ಹೊರಗೆ ತೆಗೆದಿರಲಿಲ್ಲ... ಅವರ ಹೆಂಡತಿ ಹೋಗಿ ಕೈ ಹಿಡಿದು ಕರೆತಂದರು. ಮುಂದೆ ಕೆಲವೇ ವರ್ಷ ಇದ್ದರು. ಅವರದೊಂದು ಫೋಟೋ ಯಾರ ಹತ್ತಿರವೂ ಇಲ್ಲ.

ಟೋಪಿ ಹಾಕಿದ ಚಿತ್ರ ಈಗ ನನ್ನ ಕೋಣೆಯಲ್ಲಿದೆ. ಇರುವ ತನಕ ಅವ್ವ ಅದಕ್ಕೆ ಹಾರ ಹಾಕಗೊಡಲಿಲ್ಲ. ಅವಳು ಹೋದ ಮೇಲೆ ನಾನೇ ಹಾಕಿದೆ. ಅದು ಯಾರ ಮುಖವೆಂದು ಬಲ್ಲವರು ನನ್ನನ್ನು ಬಿಟ್ಟರೆ ಈಗ ಯಾರೂ ಉಳಿದಿಲ್ಲ. ತಮ್ಮನನ್ನು ನೆನೆಸಿಕೊಂಡರೆ ನನಗೂ ಅದೇ ಮುಖ ಬರುತ್ತದೆ. ಅವನ ನಿಜವಾದ ಮುಖ ಎಲ್ಲಿ ಹೋಯಿತೋ... ಅದೊಂದು ಸಂಕಟವನ್ನು ಯಾರಿಗೆ ಹೇಳಿಕೊಳ್ಳಲಿ?

"ಹೇಳ ಅಜ್ಜಿ, ಎಷ್ಟು ಲೆನ್ಸ್ ಇಟ್ಕೊಳ್ಳಲಿ?" ಎಂದು ಮೊಮ್ಮಗಳು ನನ್ನನ್ನು ಅಲ್ಲಾಡಿಸಿದಳು. ನನ್ನ ಹತ್ತಿರ ಉತ್ತರವಿರುತ್ತದೆಂದು ಕೇಳಿದ್ದಲ್ಲ, ಚೇಷ್ಟೆಗೆ ಕೇಳಿದ್ದು.

"ಮಾರಿ ತಗಿಯೂದು ಯಾವುದು?"

ಅವಳು ಉದ್ದನೆಯದೊಂದನ್ನು ಎತ್ತಿ ತೋರಿಸಿದಳು.

"ಅದೊಂದು ಸಾಕು."

ಅವಳು ನಕ್ಕು, ಅದನ್ನೇ ಕ್ಯಾಮೆರಾಕ್ಕೆ ಸಿಕ್ಕಿಸಿ, "ಹಂಗ ಕುಂದ್ರು ಅಜ್ಜಿ, ಅಲುಗಬ್ಯಾಡ" ಎಂದು ನನ್ನತ್ತ ಹಿಡಿದಳು. ಆಮೇಲೆ ಪಕ್ಕಕ್ಕೆ ಬಂದು ಕುಳಿತು ಕ್ಯಾಮೆರಾದ ಬೆನ್ನಿನಲ್ಲಿದ್ದ ಪುಟ್ಟ ಪರದೆ ತೋರಿಸಿದಳು. ಒಂದೊಂದು ಸುಕ್ಕೂ ಕಾಣುತ್ತಿತ್ತು. ನಾನು ಕನ್ನಡಕ ಏರಿಸಿಕೊಂಡು ಹುಬ್ಬಿನ ಮೇಲೆ ನೋಡಿದೆ, ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ. ಅಲ್ಲಿ ನಾನೊಬ್ಬಳೇ ಇದ್ದೆ.