ಮುಚ್ಚಳ ತೆಗೆಯುವ ಪೊರ್ಬುಗಳು

ಊರಿನಿಂದ ಮಸ್ಕತ್ತಿಗೆ ಬರುವಾಗ ಯಾರ ಉಪ್ಪಿನಕಾಯಿ ಬಾಟಲಿಯನ್ನೂ ಚಮಚ ಹಾಕಿ ನೋಡದೆ ತಂದವರಲ್ಲ ನಮ್ಮ ಪೊರ್ಬುಗಳು. ಅಲ್ಲಿನ ಹಮ್ರಿಯಾ ಬಡಾವಣೆಯ ಟೈಪಿಂಗ್ ಅಂಗಡಿಯಲ್ಲಿ ಅರಬಿ ಅರ್ಜಿ ಬರೆದುಕೊಡುತ್ತಿದ್ದ ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್. ಅಂಥವರನ್ನು ತುಳುವರಾದ ನಾವೆಲ್ಲ ಕರೆಯುವುದೇ ಪೊರ್ಬುಗಳೆಂದು. ಒಮ್ಮೆ ನನ್ನಮ್ಮ ಹೊಲಿಗೆ ಹಾಕಿ ಕೊಟ್ಟ ಹಪ್ಪಳದ ಕಟ್ಟನ್ನೂ ಬಿಚ್ಚಿದ್ದರು. "ನಾವೇನು ಕಳ್ಳರಾ?" ಎಂದು ಮುಖಕ್ಕೇ ಬೈದಿದ್ದೆ.

"ಕಳ್ಳರಲ್ಲ ಮಾರಾಯ್ತಿ. ಆದ್ರೆ ಹೊರುವ ಕೈ ನಂದಲ್ವಾ?"

ನನ್ನ ಗಂಡ ಮರ್ಯಾದಸ್ಥರು. ಕಟ್ಟು ಬಿಚ್ಚಿ ನೋಡಿದರೆ ಕೊಟ್ಟವರಿಗೆ ಅವಮಾನವೆಂದು ನಂಬಿದವರು. ತೊಂಬತ್ತರ ದಶಕದ ಕೊನೆಗೆ ಮಸ್ಕತ್ತಿನಲ್ಲಿದ್ದ ಒಬ್ಬನಿಗೆ ತಲುಪಿಸಲೆಂದು ಪರಿಚಯದವನೊಬ್ಬ ಕೊಟ್ಟ ಚಕ್ಕುಲಿ ಡಬ್ಬವನ್ನು ಹಾಗೇ ತಂದರು. ವಿಮಾನ ನಿಲ್ದಾಣದಲ್ಲಿ ಅದರ ತಳದಿಂದ ಅಮಲಿನ ಮಾತ್ರೆಗಳು ಹೊರಬಂದವು. ಡಬ್ಬ ಪಡೆಯಬೇಕಿದ್ದವನ ಜೊತೆ ಒಳಸಂಚು ಮಾಡಿದರೆಂದು ಇವರಿಗೂ ಹತ್ತು ವರ್ಷ ಶಿಕ್ಷೆಯಾಯಿತು. ವಾದಿ ಕಬೀರ್ ಬಡಾವಣೆಯ ನಮ್ಮ ಫ್ಲಾಟಿನಲ್ಲಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ನಾನೊಬ್ಬಳೇ ಉಳಿದೆ.

ಕರೆಯದೆಯೇ ಬಂದವರು ಪೊರ್ಬುಗಳು. ತೀರ್ಪನ್ನು ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳಿ, ಒಂದು ಕಡೆ ಬೆರಳಿಟ್ಟರು. "ಇವರು ಸಹಿ ಹಾಕಿದ ಅರಬಿ ಹೇಳಿಕೆಯನ್ನು ಇವರಿಗೆ ಗೊತ್ತಿರುವ ಭಾಷೆಯಲ್ಲಿ ಓದಿ ಹೇಳಿದ್ದು ಎಲ್ಲಿಯೂ ಕಾಣುದಿಲ್ಲ. ಈಗ ದೇಶಕ್ಕೆ ಹೊಸ ಮೂಲ ಶಾಸನ ಬಂದಿದೆ, ನಮ್ಮ ಸಂವಿಧಾನದ ಹಾಗೆ. ಆರೋಪಿಗೆ ತನ್ನ ಪರ ವಾದಿಸುವ ಹಕ್ಕುಂಟು. ಗೊತ್ತಿಲ್ಲದ ಕಾಗದಕ್ಕೆ ಸಹಿ ಹಾಕಿದವ ಎಂತ ವಾದಿಸುದು?"

ವಕೀಲರು ಮೇಲ್ಮನವಿಯಲ್ಲಿ ಅದನ್ನೇ ಎತ್ತಿದರು. ಆದರೂ ಒಳಗೇನಿದೆಯೆಂದು ಇವರಿಗೆ ತಿಳಿದಿರಲಿಲ್ಲವೆಂದು ನಂಬಿಸಬೇಕಿತ್ತು. ಕಟ್ಟು ಬಿಚ್ಚದೆ ತರುವ ನಮ್ಮವರ ಪದ್ಧತಿ ವಿವರಿಸಲು ಪೊರ್ಬುಗಳೇ ಸಾಕ್ಷಿಯಾದರು.

"ನೀವೂ ನೋಡದೆಯೇ ತರುತ್ತೀರಾ?" ಎಂದು ನ್ಯಾಯಾಧೀಶರು ಕೇಳಿದ್ದನ್ನು ದುಭಾಷಿ ನನಗೆ ತಿಳಿಸಿದ. ಪೊರ್ಬುಗಳಿಗೆ ಸುಳ್ಳು ಬಾರದು.

"ಇಲ್ಲ, ನಾನು ಬಿಚ್ಚಿ ನೋಡ್ತೇನೆ" ಎಂದು ಅರಬಿಯಲ್ಲೇ ಅಂದರಂತೆ. "ಅದಕ್ಕೇ ನಮ್ಮವರು ನನ್ನ ಕೈಯಲ್ಲಿ ಈಗೀಗ ಏನೂ ಕಳಿಸುದಿಲ್ಲ. ಇಲ್ಲೇ ಕೂತಿದ್ದಾರಲ್ಲ ಇವರ ಹೆಂಡತಿ, ಅವರೂ ಬೈದಿದ್ದಾರೆ. ಕೇಳಿ."

ಎಲ್ಲರೂ ನನ್ನತ್ತ ತಿರುಗಿದರು. ನಾಚಿಕೆಯಿಂದ ಸಾಯುವಂತಾದರೂ ಹೌದೆಂದೆ. ಆ ಬೈಗುಳ ನಮ್ಮನ್ನು ಕಾಯಿತು. ಇವರು ನೋಡದೆಯೇ ತಂದದ್ದೆಂದು ನ್ಯಾಯಾಲಯ ನಂಬಿತು, ಶಿಕ್ಷೆ ರದ್ದಾಯಿತು. "ಖಲಾಸ್, ಮುಗೀತು! ಮನೆಗೆ ಕರ್ಕೊಂಡು ಹೋಗಿ" ಎಂದರು ಪೊರ್ಬುಗಳು. ಅಷ್ಟು ಹಗುರಾಗಿ ನಾನು ಬದುಕಿನಲ್ಲಿ ಮತ್ತೆಂದೂ ಅತ್ತಿಲ್ಲ.

ಮರುವರ್ಷ ಅವರು ಕೆಲಸ ಬಿಟ್ಟು ಊರಿಗೆ ಹೊರಟರು. ನನ್ನಮ್ಮನಿಗೆ ಅವರ ಕೈಯಲ್ಲಿ ಕಳಿಸಲೆಂದು ಒಂದು ಡಬ್ಬ ಖರ್ಜೂರ ಒಯ್ದಿದ್ದೆವು. ಅವರು ಕೇಳುವ ಮೊದಲೇ ನನ್ನ ಗಂಡ ವಿಮಾನ ನಿಲ್ದಾಣದ ಬೆಂಚಿನ ಮೇಲೆ ಟವೆಲ್ ಹಾಸಿ ಡಬ್ಬವನ್ನು ಪೂರ್ತಿ ಸುರಿದರು.

"ಸಾಕು ಮಾರಾಯ್ರೆ, ನಿಮ್ಮನ್ನು ನಂಬ್ತೇನೆ" ಎಂದರು ಪೊರ್ಬುಗಳು. ಹಾಗೆಂದವರೇ ಡಬ್ಬವನ್ನು ಬೆಳಕಿಗೆ ಹಿಡಿದು ತಳವನ್ನೊಮ್ಮೆ ನೋಡಿದರು. ನಾವು ಮೂವರೂ ನಕ್ಕೆವು. ಅವರನ್ನು ನೋಡಿದ್ದು ಅದೇ ಕೊನೆ.