ಚಂದ್ರುವಿನ ಬಿಲ್ ನ್ಯಾಯವಾಗಿತ್ತು

ಅವತ್ತು ಬೇಲೂರು–ಹಳೇಬೀಡು ರಸ್ತೆಯ ಆ ತಗಡಿನ ಶೆಡ್ಡಿನ ಮುಂದೆ ನಾವು ನಾಲ್ಕು ಜನ ನಿಂತಿದ್ದೆವು. ನನ್ನ ತಂಗಿಯ ಮಗಳು ಸುಮಿತ್ರ, ಕೈಯಲ್ಲಿ ಬಿಲ್ ಹಿಡಿದುಕೊಂಡು. ಅವಳ ಕಾರಿಗೆ ದೊಡ್ಡ ಸರ್ವಿಸ್ ಮಾಡಿದ್ದ ಚಂದ್ರು, ಹೆಗಲ ಮೇಲೆ ಕೈ ಒರೆಸುವ ಬಟ್ಟೆ ಹಾಕಿಕೊಂಡು. ಹಳೇಬೀಡಿನ ಟ್ಯಾಕ್ಸಿ ಡ್ರೈವರ್ ರಂಗಣ್ಣ, ಟೈರಿಗೆ ಗಾಳಿ ಹಾಕಿಸಲು ಬಂದವನು, ಜಗಳ ನೋಡುತ್ತ ನಿಂತುಬಿಟ್ಟಿದ್ದ. ಮತ್ತೆ ನಾನು. ನಾಲ್ವರಲ್ಲಿ ಇಬ್ಬರಿಗೆ ನಿಜ ಗೊತ್ತಿತ್ತು — ಚಂದ್ರುವಿಗೆ, ನನಗೆ. ಚಂದ್ರು ನಿಜ ಹೇಳಿದ. ನಾನು ಸುಳ್ಳು ಹೇಳಿದೆ. ಜನ ನನ್ನನ್ನು ನಂಬಿದರು.

ಆರು ವರ್ಷವಾಯಿತು. ಇದನ್ನು ಬರೆಯಲು ಕುಳಿತಾಗ ನನ್ನ ಹೆಂಡತಿ ಗಿರಿಜ ಬಾಗಿಲಲ್ಲಿ ನಿಂತು, "ಏನ್ರೀ, ಮುಚ್ಚಿಹೋದದ್ದನ್ನ ಯಾಕೆ ಕೆದಕ್ತೀರಿ? ಊರಲ್ಲಿ ನಿಮ್ಮ ಹೆಸರೇನಾಗುತ್ತೆ?" ಎಂದಳು. ಏನಾಗಬೇಕೋ ಅದೇ ಆಗಲಿ. ಓದುವವರಿಗೂ ಮೊದಲೇ ಹೇಳಿಬಿಡುತ್ತೇನೆ — ವಯಸ್ಸಾದವರು ಪಾಪ ಎನ್ನಬೇಡಿ, ಸಣ್ಣ ವಿಷಯ ಎನ್ನಬೇಡಿ. ನನಗೆ ಕನಿಕರ ಬೇಕಾಗಿಲ್ಲ. ಒಬ್ಬನ ಹೆಸರು ನನ್ನ ಬಾಯಿಂದ ಹಾಳಾಗಿದೆ, ಅದು ಸರಿಯಾಗಬೇಕು, ಅಷ್ಟೇ.

ನಾನು ಯಾರೆಂದು ಹೇಳದೆ ಇದು ಅರ್ಥವಾಗುವುದಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಬಸ್ ಡಿಪೋ ಒಂದರಲ್ಲಿ ಬಿಡಿಭಾಗಗಳ ಸ್ಟೋರ್ ನೋಡಿಕೊಂಡವನು. ಸ್ಟೋರ್ ಶಿವಣ್ಣ ಎಂದರೆ ಅರಸೀಕೆರೆಯಲ್ಲಿ ಈಗಲೂ ಮನೆ ತೋರಿಸುತ್ತಾರೆ. ನಮ್ಮಲ್ಲಿ ಒಂದು ಕಟ್ಟಳೆಯಿತ್ತು: ಹಳೆಯ ಸಾಮಾನು ಕಿಟಕಿಯೊಳಗೆ ಬರಬೇಕು, ಆಮೇಲೆ ಹೊಸದು ಹೊರಗೆ ಹೋಗಬೇಕು. ಸತ್ತ ಬಲ್ಬು ಕೊಟ್ಟವನಿಗೆ ಬದುಕಿರುವ ಬಲ್ಬು. ಒಮ್ಮೆ ಒಬ್ಬ ಮೆಕ್ಯಾನಿಕ್ ಬಂದು, ನಟ್ಟು ಎಲ್ಲೋ ಬಿದ್ದು ಕಳೆದುಹೋಯಿತು, ಇನ್ನೊಂದು ಕೊಡಿ ಎಂದ. "ಕಳೆದುಹೋದದ್ದನ್ನ ಮೊದ್ಲು ತಗೊಂಡು ಬಾ" ಎಂದೆ. ಡಿಪೋದಲ್ಲಿ ವರ್ಷಗಟ್ಟಲೆ ಅದನ್ನು ಹೇಳಿ ನಕ್ಕರು. ನನಗೆ ಮಾತ್ರ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ — ಈಗ ಕಾಣುತ್ತಿದೆ.

ನಿವೃತ್ತನಾದ ಮೇಲೆ ನೆಂಟರಿಷ್ಟರು, ಪರಿಚಯದ ಡ್ರೈವರುಗಳು ಕಾರಿನ ಬಿಲ್ ಹಿಡಿದುಕೊಂಡು ನನ್ನ ಜಗುಲಿಗೆ ಬರತೊಡಗಿದರು. "ಶಿವಣ್ಣೋರೇ, ಇದು ನ್ಯಾಯವಾ, ಮೋಸವಾ? ನೋಡಿ ಹೇಳಿ." ನಾನು ಕನ್ನಡಕ ಏರಿಸಿ, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು, ಹಳೆಯ ಸಾಮಾನು ಎಲ್ಲಿ ಎಂದು ಕೇಳುತ್ತಿದ್ದೆ. ಗಿರಿಜ ಬಂದವರಿಗೆಲ್ಲ ಕಾಫಿ ಕೊಡುತ್ತಿದ್ದಳು. ಸಂತೋಷವಾಗಿತ್ತು, ಸುಳ್ಳೇಕೆ ಹೇಳಲಿ. ಸ್ಟೋರಿನ ಕಿಟಕಿ ಮುಚ್ಚಿದ್ದರೂ ಜನ ನನ್ನ ಮುಂದೆ ಸಾಲು ನಿಂತಿದ್ದರು.

ಬೇಲೂರಿನಲ್ಲಿ ಟೀಚರ್ ಆಗಿರುವ ಸುಮಿತ್ರಳ ಡೀಸೆಲ್ ಕಾರು ಆಗ ಒಂದು ಲಕ್ಷ ಕಿಲೋಮೀಟರ್ ಮುಟ್ಟಿತ್ತು. ಆ ಹೊತ್ತಿಗೆ ಬರುವುದು ಎಣ್ಣೆ ಬದಲಾಯಿಸಿ ಕಳಿಸುವ ಸರ್ವಿಸ್ ಅಲ್ಲ. ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿ, ಒಳಗಿನ ಟೈಮಿಂಗ್ ಬೆಲ್ಟ್ ಬದಲಾಯಿಸಬೇಕು. ಅದು ಓಡುವಾಗ ಕಿತ್ತುಹೋದರೆ ಎಂಜಿನ್ನೇ ಹೋದಂತೆ. ಚಂದ್ರು ನಮ್ಮ ಅರಸೀಕೆರೆ ಹತ್ತಿರದ ಕಣಕಟ್ಟೆಯ ಹುಡುಗ, ಹಾಸನದಲ್ಲಿ ದೊಡ್ಡ ವರ್ಕ್‌ಶಾಪಿನಲ್ಲಿ ಪಳಗಿ, ಸ್ವಂತ ಶೆಡ್ ಹಾಕಿ ಎರಡು ವರ್ಷವಾಗಿತ್ತು. ಬಿಲ್ ಇಪ್ಪತ್ತೆರಡು ಸಾವಿರ. ಸುಮಿತ್ರ ಗಾಬರಿಯಾಗಿ, "ಸೋಮವಾರ ನಮ್ಮ ಮಾವ ಬಂದು ನೋಡ್ತಾರೆ, ಆಮೇಲೆ ಕೊಡ್ತೀನಿ" ಎಂದು ಹೇಳಿ ಕಾರು ತಂದಿದ್ದಳು. ಅವನೂ ಸರಿ ಎಂದಿದ್ದ.

ಮಧ್ಯೆ ಶನಿವಾರ ಆ ಕಾರನ್ನು ನಾನು ತೆಗೆದುಕೊಂಡು ಹೋದೆ. ಸುಮಿತ್ರ ತನ್ನ ಹಳೆಯ ಹೊಲಿಗೆ ಯಂತ್ರವನ್ನು ಗಿರಿಜಳಿಗೆ ಕೊಟ್ಟಿದ್ದಳು, ಅದನ್ನು ಅರಸೀಕೆರೆಗೆ ಸಾಗಿಸಬೇಕಿತ್ತು. ಕಬ್ಬಿಣದ ಕಾಲುಗಳ ಯಂತ್ರ, ಡಿಕ್ಕಿಯ ಬಾಗಿಲು ಮುಚ್ಚಲಿಲ್ಲ. ಹಗ್ಗ ಹುಡುಕಿದರೆ ಸಿಗಲಿಲ್ಲ. ಡಿಕ್ಕಿಯ ಮೂಲೆಯಲ್ಲಿ ಒಂದಷ್ಟು ಹಳೆಯ ಸಾಮಾನು, ಅದರ ಜೊತೆ ಬಿಳಿ ಕವರಿನಲ್ಲಿ ಒಂದು ಕಪ್ಪು ರಬ್ಬರ್ ಪಟ್ಟಿ. ಒಳಮೈಗೆಲ್ಲ ಹಲ್ಲುಗಳಿದ್ದವು. ಏನೋ ರದ್ದಿ ಎಂದುಕೊಂಡು ಚಾಕುವಿನಿಂದ ಕತ್ತರಿಸಿ, ಡಿಕ್ಕಿಯ ಬಾಗಿಲನ್ನು ಬಿಗಿದು ಕಟ್ಟಿದೆ. ಮನೆಗೆ ಬಂದ ಮೇಲೆ ಅದರಿಂದಲೇ ಹಿತ್ತಲ ಗೇಟು ಕಟ್ಟಿದೆ. ಒಳ್ಳೆ ಗಟ್ಟಿ ಸಾಮಾನು ಎಂದು ಗಿರಿಜಳಿಗೂ ತೋರಿಸಿದೆ.

ಮೂವತ್ತು ವರ್ಷ ಬಿಡಿಭಾಗ ಕಂಡವನಿಗೆ ಅದೇ ಟೈಮಿಂಗ್ ಬೆಲ್ಟ್ ಎಂದು ಗೊತ್ತಾಗಲಿಲ್ಲವೇ ಎಂದು ಕೇಳುತ್ತೀರಿ. ಗೊತ್ತಾಗಲಿಲ್ಲ. ನಾನು ಕಂಡ ಬಸ್ ಎಂಜಿನ್ನುಗಳಲ್ಲಿ ಆ ಕೆಲಸವನ್ನು ಕಬ್ಬಿಣದ ಚಕ್ರಗಳೇ ಮಾಡುತ್ತಿದ್ದವು. ನಾನು ಕಂಡದ್ದು ಫ್ಯಾನ್ ಬೆಲ್ಟ್. ಟೈಮಿಂಗ್ ಬೆಲ್ಟನ್ನು ಅದುವರೆಗೆ ಕಣ್ಣಿಂದ ನೋಡಿರಲಿಲ್ಲ — ಅದರ ಬಿಲ್ ನ್ಯಾಯವೋ ಅಲ್ಲವೋ ಎಂದು ತೀರ್ಪು ಕೊಡಲು ಮಾತ್ರ ಹೊರಟಿದ್ದೆ.

ಸೋಮವಾರ ಶೆಡ್ಡಿನ ಮುಂದೆ ಬಿಲ್ ಓದಿದೆ. ಹಳೆಯ ವಾಟರ್ ಪಂಪು ಡಿಕ್ಕಿಯಲ್ಲಿತ್ತು. ಬೆಲ್ಟನ್ನು ಬಿಗಿ ಹಿಡಿಯುವ ಹಳೆಯ ಟೆನ್ಷನರೂ ಇತ್ತು. "ಬೆಲ್ಟ್ ಎಲ್ಲಪ್ಪಾ?" ಎಂದೆ.

"ಅಲ್ಲೇ ಐತೆ ನೋಡಿ ಸಾರ್, ಡಿಕ್ಕೀಲೇ ಇಟ್ಟಿದ್ದೆ."

"ಇಲ್ವಲ್ಲ."

ಚಂದ್ರು ಬಗ್ಗಿ ಹುಡುಕಿದ. ಸೀಟಿನ ಕೆಳಗೆ ಹುಡುಕಿದ. ರಂಗಣ್ಣ ಗಾಳಿ ಪೈಪು ಕೆಳಗಿಟ್ಟು ಹತ್ತಿರ ಬಂದ. ನಾನು ಸ್ಟೋರಿನ ದನಿಯಲ್ಲೇ ಹೇಳಿದೆ: "ಹಳೇ ಸಾಮಾನು ಇಲ್ಲ ಅಂದ್ರೆ ಹೊಸ ಸಾಮಾನೂ ಇಲ್ಲ. ಅದೇ ಬೆಲ್ಟನ್ನ ತಿರುಗಿ ಹಾಕಿ ಬಿಲ್ಲಿಗೆ ಹೊಸದು ಬರ್ದಿದ್ದೀಯ."

"ಅಂಗೆಲ್ಲ ಅನ್ಬ್ಯಾಡಿ ಸಾರ್. ನಿಮ್ಮ ಬಸ್ಸಿನ ಲೆಕ್ಕ ಈ ಕಾರಿಗೆ ಬರಲ್ಲ. ಈ ಬೆಲ್ಟ್ ನೀವು ಕಂಡಿರ್ತೀರೋ ಇಲ್ವೋ."

ರಂಗಣ್ಣ ನಕ್ಕ. "ಏನ್ಲಾ ಚಂದ್ರ, ಸ್ಟೋರ್ ಶಿವಣ್ಣೋರಿಗೇ ಪಾಠ ಹೇಳ್ತೀಯಾ?"

ಆ ನಗು ನನ್ನ ಪರವಾಗಿಯೇ ಇತ್ತು. ಆದರೂ ಕೆನ್ನೆ ಬಿಸಿಯಾಯಿತು. ಚಂದ್ರು ನನ್ನನ್ನು ಬಿಟ್ಟು ಸುಮಿತ್ರಳಿಗೆ ಹೇಳತೊಡಗಿದ: "ಮೇಡಂ, ಬಿಳೀ ಕವರ್‌ನಲ್ಲಿ ಇಟ್ಟಿದ್ದೆ. ಕಪ್ಪು ಬೆಲ್ಟು, ಒಳಗಡೆ ಪೂರಾ ಹಲ್ಲಿರ್ತವೆ, ಗರಗಸದಂಗೆ..."

ಆಗ ನನಗೆ ಗೊತ್ತಾಯಿತು. ನಮ್ಮ ಹಿತ್ತಲ ಗೇಟು ಕಣ್ಣ ಮುಂದೆ ಬಂದು ನಿಂತಿತು. "ಅಯ್ಯೋ, ಅದು ನಮ್ಮನೇಲಿದೆ ಕಣಪ್ಪಾ" — ಇಷ್ಟು ಹೇಳಿದ್ದರೆ ಎಲ್ಲರೂ ನಕ್ಕು, ಟೀ ಕುಡಿದು ಮನೆಗೆ ಹೋಗುತ್ತಿದ್ದೆವು. ಎಷ್ಟು ಸಣ್ಣ ಮಾತು! ಬಾಯಿಯ ತನಕ ಬಂದಿತ್ತು. ಆದರೆ ಅದನ್ನು ಹೇಳಿದರೆ, ಬೆಲ್ಟನ್ನು ನೋಡಿಯೂ ಗುರುತಿಸದವನು ನಾನು ಎಂದು — ರಂಗಣ್ಣನಿಗೆ ಗೊತ್ತಾದರೆ ಹಳೇಬೀಡಿಗೆಲ್ಲ ಗೊತ್ತಾದಂತೆ — ಇಲ್ಲ, ನಾನು ಬಾಯಿ ಬಿಡಲಿಲ್ಲ.

ಸುಮ್ಮನಿದ್ದೆ ಎಂಬುದಷ್ಟೇ ನನ್ನ ತಪ್ಪಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಚಂದ್ರು ಒಳಗೆ ಹೋಗಿ ಸ್ಪ್ಯಾನರ್ ತಂದ. "ಮೇಲಿನ ಕವರ್ ಬಿಚ್ಚಿ ತೋರಿಸ್ತೀನಿ. ಹೊಸ ಬೆಲ್ಟ್ ಕಣ್ಣಿಗೇ ಕಾಣ್ತದೆ, ನೀವೇ ನೋಡಿ" ಎಂದು ಬಾನೆಟ್ ಎತ್ತಿದ. ಸುಮಿತ್ರ ಮುಂದೆ ಬಾಗಿದಳು. ಇನ್ನೊಂದು ಗಳಿಗೆಯಲ್ಲಿ ಅವನು ಗೆಲ್ಲುತ್ತಿದ್ದ. ಆಗ ನಾನು ಹೇಳಿದೆ:

"ಏನೂ ಬೇಡ. ಹಳೇ ಬೆಲ್ಟನ್ನ ಒರೆಸಿ ಹಾಕಿದ್ರೂ ಹೊಸದರ ಹಾಗೇ ಕಾಣುತ್ತೆ."

ಅದು ನಿಜವೋ ಸುಳ್ಳೋ ನನಗೆ ಗೊತ್ತಿರಲಿಲ್ಲ. ಆ ಗಳಿಗೆಗೆ ಬೇಕಾಗಿತ್ತು, ಹೇಳಿದೆ. ಹೇಳಿದವನು ಸ್ಟೋರ್ ಶಿವಣ್ಣ, ಆದ್ದರಿಂದ ನಿಜವಾಯಿತು. ಸುಮಿತ್ರ ಹಿಂದೆ ಸರಿದಳು. ಬೆಲ್ಟಿನದೂ ಅದರ ಕೂಲಿಯದೂ ಬಿಟ್ಟು ಉಳಿದದ್ದನ್ನು ಅವಳು ಎಣಿಸಿ ಕೊಡಲು ಹೋದರೆ ಚಂದ್ರು ಕೈ ಚಾಚಲಿಲ್ಲ. "ಕೊಟ್ರೆ ಪೂರಾ ಕೊಡಿ ಮೇಡಂ. ಇಲ್ಲಾಂದ್ರೆ ಏನೂ ಬ್ಯಾಡ, ಕಾರು ತಗೊಂಡೋಗಿ." ನಾವು ಕಾರು ಹತ್ತಿದೆವು. ರಂಗಣ್ಣ ಕಿಟಕಿಗೆ ಬಗ್ಗಿ, "ದುಡ್ಡೇ ಬ್ಯಾಡ ಅಂತಾನೆ ಅಂದ್ರೆ ಕಳ್ಳತನ ಒಪ್ಕೊಂಡಂಗೇ ಅಲ್ವಾ ಯಜಮಾನ್ರೇ?" ಎಂದ. ನಾನು ತಲೆಯಾಡಿಸಿದೆ.

ಅದೇ ಸಂಜೆ ಗೇಟಿಗೆ ಕಟ್ಟಿದ್ದ ಬೆಲ್ಟನ್ನು ಬಿಚ್ಚಿ, ಸ್ನಾನದ ಹಂಡೆಯ ಒಲೆಗೆ ತುರುಕಿದೆ. ಕರಿ ಹೊಗೆ ಬಚ್ಚಲುಮನೆ ತುಂಬಿತು. "ಏನ್ರೀ ಅದು ವಾಸನೆ, ಏನ್ ಸುಡ್ತಿದ್ದೀರಿ?" ಎಂದು ಗಿರಿಜ ಕೂಗಿದಳು. ತೆಂಗಿನ ಗರಿ ಹಸಿಯಾಗಿತ್ತು ಎಂದೆ. ಅವಳು ಗೇಟಿನ ಕಡೆ ಒಮ್ಮೆ ನೋಡಿ ಒಳಗೆ ಹೋದಳು.

ಇನ್ನೂ ಇದೆ. ಹಳೆಯ ಬೆಲ್ಟೇ ಇದೆ ಎಂದು ಹೆದರಿದ ಸುಮಿತ್ರ, ಹೊಸದು ಹಾಕಿಸಿ ಕೊಡಿ ಮಾವ ಎಂದು ಕಾರನ್ನು ನನ್ನ ಕೈಗೇ ಕೊಟ್ಟಳು. ಹಾಸನದಲ್ಲಿ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿನವನು ಮುಚ್ಚಳ ಬಿಚ್ಚಿದವನೇ, "ಯಜಮಾನ್ರೇ, ಇದು ಹೊಚ್ಚ ಹೊಸದು. ಹಾಕಿದವನು ಚೆನ್ನಾಗಿ ಹಾಕಿದಾನೆ. ಯಾಕೆ ಬಿಚ್ಚಿಸ್ತೀರಿ?" ಎಂದ. ಹೊಸದು ಹೊಸದರ ಹಾಗೆಯೇ ಕಾಣುತ್ತದೆ — ನೋಡಿದ ಯಾರಿಗೂ ಗೊತ್ತಾಗುತ್ತದೆ. "ಮುಚ್ಚಪ್ಪಾ" ಎಂದೆ. ಬೇಲೂರಿಗೆ ಬಂದು ಸುಮಿತ್ರಳಿಗೆ, "ಹಾಕಿಸಿದೆ, ಇನ್ನು ಹೆದರಬೇಡ" ಎಂದೆ. ದುಡ್ಡು ನಾನೇ ಕೊಟ್ಟೆ ಎಂದೆ. ಅವಳ ಕಣ್ಣಲ್ಲಿ ನೀರು ಬಂತು. ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು. ನಾನು ಆಶೀರ್ವಾದ ಮಾಡಿದೆ.

ರಂಗಣ್ಣನ ಬಾಯಿಂದ ಮಾತು ಟ್ಯಾಕ್ಸಿಯವರಿಗೆಲ್ಲ ಮುಟ್ಟಿತು. ಹೊಸದು ಬರೆದು ಹಳೇದು ಹಾಕುವವನು ಎಂದಾಯಿತು ಚಂದ್ರು. ಆ ಶೆಡ್ಡಿನ ಮುಂದೆ ನಿಲ್ಲುತ್ತಿದ್ದ ಕಾರುಗಳು ಕಡಿಮೆಯಾಗುತ್ತಾ ಹೋದವು. ಮುಂದಿನ ಯುಗಾದಿಗೆ ತಗಡೂ ಇರಲಿಲ್ಲ, ನಾಲ್ಕು ಕಂಬ ಮಾತ್ರ ನಿಂತಿದ್ದವು. ನಾನು ಬಸ್ಸಿನಲ್ಲಿ ಆ ಕಡೆ ಹೋಗುವಾಗಲೆಲ್ಲ ಎಡಗಡೆಯ ಸೀಟು ಬಿಟ್ಟು ಬಲಗಡೆ ಕೂರುತ್ತಿದ್ದೆ.

ಈಗ ಕೇಳಿ, ಆ ಬಿಲ್ಲಿಗೆ ನನ್ನ ತೀರ್ಪು. ಬೆಲ್ಟಿನ ಬೆಲೆ ಸರಿ. ಪಂಪು ಕೆಟ್ಟಿರಲಿಲ್ಲವಲ್ಲ, ಯಾಕೆ ಬದಲಾಯಿಸಿದ ಎಂದು ಅವತ್ತು ಗುರ್ ಎಂದಿದ್ದೆ. ಆ ಪಂಪನ್ನು ತಿರುಗಿಸುವುದು ಅದೇ ಬೆಲ್ಟು. ಇವತ್ತು ಬಿಟ್ಟು ನಾಳೆ ಅದು ಸೋರಿದರೆ ಬಿಚ್ಚುವ ಕೂಲಿಯನ್ನು ಮತ್ತೆ ಕೊಡಬೇಕು. ಸುಮಿತ್ರಳ ದುಡ್ಡು ಉಳಿಸಿದವನು ಅವನು. ಕೂಲಿ ಹೆಚ್ಚು ಎಂದಿದ್ದೆ. ಒಂದು ಹಲ್ಲು ಆಚೀಚೆ ಕೂತರೂ ಎಂಜಿನ್ ಹೋಗುವ ಕೆಲಸ ಅದು, ಒಂದು ದಿನ ಪೂರ್ತಿ ಬಗ್ಗಿ ಮಾಡಿದ್ದಾನೆ. ಕಾರು ಕಂಪನಿಯ ಸರ್ವಿಸ್ ಸೆಂಟರಿನವರು ಕೇಳುವುದಕ್ಕಿಂತ ಅವನು ಕೇಳಿದ್ದು ಕಡಿಮೆ. ನ್ಯಾಯ. ಪೂರ್ತಿ ನ್ಯಾಯ. ಬಿಲ್ ಕಂಡರೆ ಪ್ರಶ್ನೆ ಕೇಳಿ, ಹಳೆಯ ಸಾಮಾನು ಕೇಳಿ — ಅದನ್ನು ತಪ್ಪು ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಆದರೆ ಮುಚ್ಚಳ ಬಿಚ್ಚಿ ತೋರಿಸುತ್ತೇನೆ ಎಂದವನ ಕೈ ಹಿಡಿದು ತಡೆಯುವವನು ನ್ಯಾಯ ಕೇಳಲು ಬಂದವನಲ್ಲ.

ಕಳೆದ ಬೇಸಿಗೆಯಲ್ಲಿ ಕಣಕಟ್ಟೆಗೆ ಹೋದೆ. ಚಂದ್ರು ಮನೆಯ ಮುಂದೆಯೇ ಟ್ರ್ಯಾಕ್ಟರು, ಪಂಪ್‌ಸೆಟ್ಟು ರಿಪೇರಿ ಮಾಡಿಕೊಂಡಿದ್ದಾನೆ. ನನ್ನನ್ನು ಕಂಡು ಎದ್ದು ನಿಂತ, ಕೂರಿ ಎನ್ನಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ — ಹೊಲಿಗೆ ಯಂತ್ರ, ಗೇಟು, ಒಲೆ, ಹಾಸನ, ಎಲ್ಲ. ಅವನು ಕೊನೆಯ ತನಕ ಕೇಳಿದ.

"ಇದನ್ನ ನನ್ಹತ್ರ ಯಾಕೆ ಹೇಳ್ತೀರಿ ಸಾರ್? ಬೆಲ್ಟ್ ಹಾಕಿದ್ದು ನಾನು. ನನಗೆ ಗೊತ್ತಿರಲಿಲ್ವಾ? ಗೊತ್ತಿಲ್ದೋರಿಗೆ ಹೋಗಿ ಹೇಳಿ" ಎಂದು ಮತ್ತೆ ಕೆಲಸಕ್ಕೆ ಕುಳಿತ.

ಹೋದೆ. ಹಳೇಬೀಡಿನ ಟ್ಯಾಕ್ಸಿಯವರ ಮುಂದೆ ನಿಂತು ಹೇಳಿದೆ. ರಂಗಣ್ಣ ಅಲ್ಲೇ ಇದ್ದ. "ಬಿಡ್ರಿ ಶಿವಣ್ಣೋರೇ, ಹಳೇ ಕತೆ. ಈಗ ಯಾರಿಗೆ ಬೇಕು?" ಎಂದ. "ನಿನಗೆ ಬ್ಯಾಡದಿದ್ರೂ ಕೇಳಬೇಕು ಕಣಯ್ಯ. ಅವತ್ತು ಎಷ್ಟು ಜನಕ್ಕೆ ಹೇಳಿದ್ಯೋ ಅಷ್ಟೂ ಜನಕ್ಕೆ ಇದನ್ನೂ ಹೇಳು" ಎಂದೆ. ಕೆಲವರು ನಕ್ಕರು. ಒಬ್ಬ ಮುಖ ತಿರುಗಿಸಿಕೊಂಡ. ಇಷ್ಟು ಸಾಲದೆಂದು ಇಲ್ಲಿ ಬರೆಯುತ್ತಿದ್ದೇನೆ.

ಸುಮಿತ್ರಳಿಗೂ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು: "ನಾನು ನಿಮ್ಮ ಕಾಲು ಮುಟ್ಟಿದಾಗ ನಿಮಗೆ ಗೊತ್ತಿತ್ತಾ ಮಾವ?"

"ಗೊತ್ತಿತ್ತು."

ಹೋದ ತಿಂಗಳು ಆ ಕಾರಿಗೆ ಮತ್ತೆ ದೊಡ್ಡ ಸರ್ವಿಸ್ಸಿನ ಹೊತ್ತು ಬಂದಿತ್ತು. ಬೆಳಗ್ಗೆ ನಾನು ಹಾಲು ತೆಗೆದುಕೊಂಡು ಬರುತ್ತಿದ್ದಾಗ ಸುಮಿತ್ರ ನಮ್ಮ ಮನೆಯ ಮುಂದೆಯೇ ಕಾರು ಓಡಿಸಿಕೊಂಡು ಹೋದಳು. ನಾನು ಕೈ ಎತ್ತಿದೆ. ಅವಳು ನೋಡಿದಳು, ನಿಲ್ಲಿಸಲಿಲ್ಲ. ಕಾರು ಕಣಕಟ್ಟೆಯ ರಸ್ತೆಗೆ ತಿರುಗಿತು.