ಕತ್ತಲ ಪರದೆಯ ಮುಂದೆ ಅಕ್ಕಾರು

ಬಾಗೇವಾಡಿಯ ನಮ್ಮ ಓಣಿಯ ಪ್ರೆಸ್ಸಿನಲ್ಲಿ ಒಂದು ಹಳೆ ಮ್ಯಾಕಿಂಟಾಷ್ ಕಂಪ್ಯೂಟರ್ ಇತ್ತು. ಅದರಲ್ಲಿ ಅಕ್ಷರ ಜೋಡಿಸುತ್ತಿದ್ದ ಹೆಣ್ಣುಮಗಳನ್ನು ಎಲ್ಲರೂ ಅಕ್ಕಾರು ಎನ್ನುತ್ತಿದ್ದರು. ಒಳಗಿನ ಸಣ್ಣ ಬ್ಯಾಟರಿ ಖಲಾಸಾಗಿದ್ದರಿಂದ, ಮುಂಜಾನೆ ಬಟನ್ ಒತ್ತಿದರೆ ಅದು ಠಣ್ ಎನ್ನುತ್ತಿತ್ತು, ಪರದೆ ಮಾತ್ರ ಕಪ್ಪಗೇ ಇರುತ್ತಿತ್ತು. ಅಕ್ಕಾರು ಸೆರಗು ಸೊಂಟಕ್ಕೆ ಸಿಗಿಸಿ, ಕಿವಿ ಹತ್ತಿರ ಒಯ್ದು, "ಎಚ್ಚರ ಐತ್ರಿ, ಕಣ್ಣ ತಗದಿಲ್ಲ ಅಷ್ಟ" ಎನ್ನುತ್ತ ಒಮ್ಮೆ ಆರಿಸಿ ಲಗೂನ ಮತ್ತೆ ಹಚ್ಚುತ್ತಿದ್ದರು. ಆಗ ಬೆಳಕು ಬರುತ್ತಿತ್ತು.

ನನ್ನ ತಂಗಿಯ ಲಗ್ನಪತ್ರಿಕೆ ಜೋಡಿಸಿ ಮುಗಿಯುವಷ್ಟರಲ್ಲಿ ಪರದೆ ಗಪ್ಪನೆ ಆರಿತು. ಸಂಜೆಯ ಬಸ್ಸಿಗೆ ಪತ್ರಿಕೆ ಒಯ್ಯಲು ತಾಂಬಾ ಊರಿನ ಬೀಗರು ಬಾಗಿಲಲ್ಲೇ ಕುಂತಿದ್ದರು. ಪ್ರೆಸ್ಸಿನ ಮಾಲಕರು ಟಿವಿಗೆ ಬಡಿದಂತೆ ಮಾನಿಟರಿಗೆ ಬಡಿದು, ಕಂಪ್ಯೂಟರಿನ ಸ್ವಿಚ್ಚಿಗೆ ಕೈ ಹಾಕಿದರು.

"ಮುಟ್ಟಬ್ಯಾಡ್ರಿ ಅಣ್ಣಾರ! ಆರಿಸಿದ್ರ ಮುಂಜಾನಿಂದ ಮಾಡಿದ್ದೆಲ್ಲಾ ಹೋಗ್ತೈತಿ."

"ಏನೂ ಕಾಣವಲ್ದಲ್ರಿ ಅಕ್ಕಾರ!"

"ನಮಗ ಕಾಣವಲ್ದು. ಅದಕ್ಕ ಎಚ್ಚರ ಐತಿ."

ಅಕ್ಕಾರು ಆ ಕಪ್ಪು ಪರದೆಯ ಮುಂದೆಯೇ, ಮಾಡಿದ್ದನ್ನು ಉಳಿಸುವ ಎರಡು ಕೀಲಿ ಒತ್ತಿ ಕಿವಿಗೊಟ್ಟರು. ಒಳಗೆ ಡಿಸ್ಕು ಕರ್ ಕರ್ ಅಂದಿತು. "ಉಳೀತು" ಎಂದು ಉಸಿರು ಬಿಟ್ಟು, ಮತ್ತೆರಡು ಕೀಲಿ ಒತ್ತಿದರು. ಪಕ್ಕದ ಪ್ರಿಂಟರ್ ಗೊರಗುಟ್ಟಿ, ನಿಧಾನಕ್ಕೆ ಹಾಳೆ ಹೊರಬಂತು. ತಂಗಿಯ ಹೆಸರು, ಮದುಮಗನ ಹೆಸರು, ಕೆಳಗೆ ಬೀಗರ ಊರು, ಒಂದಕ್ಷರವೂ ಸರಿದಿರಲಿಲ್ಲ.

"ಕತ್ತಲ್ಯಾಗ ಲಗ್ನಾ ಬರದ್ರಲ್ರೀ ಅಕ್ಕಾರ!" ಎಂದು ಬೀಗರು ನಕ್ಕರು.

ಅಕ್ಕಾರು ನಗಲಿಲ್ಲ. ಹಾಳೆಯನ್ನು ಮೊದಲಿಂದ ಕೊನೆಯವರೆಗೆ ಓದಿ ನನ್ನ ಕೈಗಿತ್ತರು. ಆಮೇಲೆ ಮಾಲಕರು ಬಡಿದಿದ್ದ ಜಾಗವನ್ನು ಅಂಗೈಯಿಂದ ಸವರಿ, "ಈಗ ಮಲಕೋ" ಎಂದು ಸ್ವಿಚ್ ಆರಿಸಿದರು.